ಗೊರುಕನ ಕೇಳಲು ಬಂದವರು

ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಮ್ಮ ಹಳೆಯ ಚಂದಾದಾರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರ ಉದ್ದವಿತ್ತು. ತಿರುಳು ಇಷ್ಟು:

“ನನ್ನ ಪತ್ನಿ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಸರ್ಕಾರದ ರಿಸರ್ಚ್ ಕೌನ್ಸಿಲ್‌ನ ಅನುದಾನಕ್ಕೆ ಎರಡು ಸಲ ಅರ್ಜಿ ಹಾಕಿದಳು, ಎರಡು ಸಲವೂ ಕೈತಪ್ಪಿತು. ಅದೇ ಕೌನ್ಸಿಲ್ ಮೂಲನಿವಾಸಿ ಅಧ್ಯಾಪಕರಿಗೆಂದೇ ಬೇರೆ ಅನುದಾನ ಇಟ್ಟಿದೆ. ಊರಲ್ಲಿ ಬಿಟ್ಟು ಬಂದೆವು ಎಂದುಕೊಂಡ ಮೀಸಲಾತಿ ಇಲ್ಲಿಗೂ ಬೆನ್ನು ಹತ್ತಿ ಬಂತಲ್ಲ! ಸಂಶೋಧನೆಗೆ ಜಾತಿಯುಂಟೆ? ಇದು ನನ್ನ ತೆರಿಗೆ ಹಣವೂ ಹೌದು. ಆದಿವಾಸಿಗಳೆಂದರೆ ಕಣ್ಣೀರು ಹಾಕುವ ನಿಮ್ಮ ಪತ್ರಿಕೆ ಇದಕ್ಕೇನು ಹೇಳುತ್ತದೆ?”

ಉತ್ತರ: ಸ್ವಾಮಿ, ಬೈಯುವುದಕ್ಕಾದರೂ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುತ್ತೀರಲ್ಲ, ಅದಕ್ಕೆ ಮೊದಲು ಕೈಮುಗಿಯುತ್ತೇನೆ.

ನಿಮ್ಮ ಕಡೆಯ ನ್ಯಾಯವನ್ನು ಆರಂಭದಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಆಸ್ಟ್ರೇಲಿಯನ್ ರಿಸರ್ಚ್ ಕೌನ್ಸಿಲ್‌ನ ‘ಡಿಸ್ಕವರಿ ಪ್ರಾಜೆಕ್ಟ್ಸ್’ ಅನುದಾನಕ್ಕೆ ಬರುವ ಅರ್ಜಿಗಳಲ್ಲಿ ಗೆಲ್ಲುವುದು ಹೆಚ್ಚುಕಡಿಮೆ ಐದಕ್ಕೆ ಒಂದು. ತಿಂಗಳುಗಟ್ಟಲೆ ಕೂತು ಬರೆದ ಅರ್ಜಿ ಒಂದು ಸಾಲಿನ ಇ-ಮೇಲ್‌ನಲ್ಲಿ ಬಿದ್ದುಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೆ? ಮೂಲನಿವಾಸಿ ಎಂಬ ಗುರುತನ್ನೇ ಏಣಿ ಮಾಡಿಕೊಂಡವರೂ ಇದ್ದಾರೆ. ಕೆನಡಾದಲ್ಲಿ 2021ರಲ್ಲಿ ಮೂಲನಿವಾಸಿಗಳ ಆರೋಗ್ಯ ಸಂಶೋಧನೆಯ ಸರ್ಕಾರಿ ಸಂಸ್ಥೆಯ ನಿರ್ದೇಶಕಿಯ ವಂಶದ ಬಗ್ಗೆಯೇ ಪ್ರಶ್ನೆ ಎದ್ದು, ಅವರು ಆ ಸ್ಥಾನ ಬಿಡಬೇಕಾಯಿತು. ಇಷ್ಟು ನಿಮ್ಮದು. ಇನ್ನು ಮೇಲಿನದು ನನ್ನದು.

ನೀವು ಹೇಳುವ ಮೂಲನಿವಾಸಿಗಳ ಅನುದಾನ, ‘ಡಿಸ್ಕವರಿ ಇಂಡಿಜಿನಸ್’, ದಾನದ ಹುಂಡಿಯಲ್ಲ. ವರ್ಷಕ್ಕೆ 30,000ದಿಂದ 5 ಲಕ್ಷ ಡಾಲರ್, ಹೆಚ್ಚೆಂದರೆ ಐದು ವರ್ಷ. ನಿಮ್ಮ ಮನೆಯವರು ಅರ್ಜಿ ಹಾಕಿದ ಯೋಜನೆಗೂ ಇದೇ ಮಿತಿ. ಅಲ್ಲಿಯೂ ವಿಷಯ ಬಲ್ಲವರು ಓದಿ ತೂಗುತ್ತಾರೆ, ಅಲ್ಲಿಯೂ ಸೋತವರು ಸಪ್ಪೆ ಮುಖ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಬೇರೆ ಇರುವುದು ಒಂದೇ: ಯೋಜನೆಯ ಮುಂದಾಳು ಅಬಾರಿಜಿನಲ್ ಅಥವಾ ಟಾರೆಸ್ ಜಲಸಂಧಿಯ ದ್ವೀಪದವರಾಗಿರಬೇಕು.

ತೆರಿಗೆ ಹಣದ ಮಾತು ತೆಗೆದಿರಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ 2021ರ ಕ್ರಿಸ್‌ಮಸ್ ಹಿಂದಿನ ದಿನ ನೆನಪಾಗುತ್ತದೆ. ಪರಿಣತರು ಓದಿ, ತೂಗಿ, ಕೊಡಬಹುದು ಎಂದಿದ್ದ ಆರು ಯೋಜನೆಗಳನ್ನು ನಿಮ್ಮಲ್ಲಿಯ ಹಂಗಾಮಿ ಶಿಕ್ಷಣ ಸಚಿವರು ಒಂದು ಗೀಟು ಎಳೆದು ತಳ್ಳಿಹಾಕಿದರು. ತೆರಿಗೆದಾರರ ಹಣಕ್ಕೆ ತಕ್ಕ ಬೆಲೆಯಿಲ್ಲ, ರಾಷ್ಟ್ರಹಿತವಿಲ್ಲ ಎಂಬುದು ಅವರ ಕಾರಣ. ಆರೂ ಮಾನವಿಕ ವಿಷಯಗಳು. ಆ ಅಧಿಕಾರವನ್ನು ಬಹುಮಟ್ಟಿಗೆ ಸಚಿವರ ಕೈಯಿಂದ ತಪ್ಪಿಸಿ ಕೌನ್ಸಿಲ್‌ನ ಮಂಡಳಿಗೆ ಕೊಟ್ಟದ್ದು 2024ರ ತಿದ್ದುಪಡಿ. ಪ್ರತಿಭೆಯ ತಕ್ಕಡಿಗೆ ಯಾರಾದರೂ ಹೆಬ್ಬೆರಳು ಒತ್ತಿದ್ದರೆ, ಆ ಹೆಬ್ಬೆರಳಿಗೆ ಸಚಿವರ ಉಂಗುರವಿತ್ತು. ಅದರ ಬಗ್ಗೆ ನಿಮ್ಮಿಂದ ಪತ್ರ ಬರಲಿಲ್ಲ.

ಈಗ ನಿಮ್ಮ ಜೇಬಿನಲ್ಲಿರುವ ಐವತ್ತು ಡಾಲರ್ ನೋಟನ್ನು ಹೊರಗೆ ತೆಗೆಯಿರಿ. ಅದರ ಮೇಲಿರುವ ಮುಖ ಡೇವಿಡ್ ಯುನೈಪನ್ ಅವರದು. ದಕ್ಷಿಣ ಆಸ್ಟ್ರೇಲಿಯಾದ ಮಿಷನ್ ಕೇರಿಯೊಂದರಲ್ಲಿ 1872ರಲ್ಲಿ ಹುಟ್ಟಿದ ಙರಿಂಜೆರಿ ಜನಾಂಗದವರು. ಕುರಿಯ ಉಣ್ಣೆ ಕತ್ತರಿಸುವ ಯಂತ್ರದ ಹಿಡಿಯನ್ನು ಸುಧಾರಿಸಿ 1909ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಬೆನ್ನಿಗೆ ನಿಲ್ಲುವ ಹಣವಂತರು ಸಿಗದೆ ಅದು ಮುರುಟಿ ಹೋಯಿತು. ಅನುದಾನ ಎಂದರೆ ಏನು ಎಂದು ಕೇಳುವವರಿಗೆ ನಾನು ಕೊಡುವ ಮೊದಲ ಉದಾಹರಣೆ ಇದು. ಎರಡನೆಯದು ಇನ್ನೂ ಕಹಿ. ಯುನೈಪನ್ ತಮ್ಮ ಜನರ ಪುರಾಣಕಥೆಗಳನ್ನು ಸಂಗ್ರಹಿಸಿ ಬರೆದರು. ಹಸ್ತಪ್ರತಿ ಪ್ರಕಾಶಕರ ಪಾಲಾಯಿತು. ಪ್ರಕಾಶಕರು ಅದರ ಹಕ್ಕನ್ನು ವಿಲಿಯಂ ರ‍್ಯಾಮ್ಸೆ ಸ್ಮಿತ್ ಎಂಬ ಡಾಕ್ಟರಿಗೆ ಮಾರಿದರು. 1930ರಲ್ಲಿ ಪುಸ್ತಕ ಆ ಡಾಕ್ಟರ ಹೆಸರಲ್ಲಿ ಬಂತು, ಯುನೈಪನ್ ಹೆಸರು ಎಲ್ಲಿಯೂ ಇಲ್ಲ. ನಿಜವಾದ ಕರ್ತೃವಿನ ಹೆಸರಲ್ಲಿ ಅದು ಮತ್ತೆ ಅಚ್ಚಾದದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಯುನೈಪನ್ ತೀರಿಹೋಗಿ ಮೂವತ್ತನಾಲ್ಕು ವರ್ಷ. ನೋಟಿನ ಮೇಲೆ ಮುಖ ಮೊದಲು ಬಂತು, ಪುಸ್ತಕದ ಮೇಲೆ ಹೆಸರು ಆಮೇಲೆ.

ಎಡ್ಡಿ ಮಾಬೊ ಕಥೆ ನಿಮಗೆ ಗೊತ್ತಿರಬೇಕು, ಅಲ್ಲಿಯ ಪೌರತ್ವದ ಪಾಠದಲ್ಲೇ ಬರುತ್ತದಲ್ಲ. ಆದರೂ ನನ್ನ ಸಮಾಧಾನಕ್ಕೆ ಹೇಳುತ್ತೇನೆ. ಟಾರೆಸ್ ಜಲಸಂಧಿಯ ಮರ್ರೆ ದ್ವೀಪದವರಾದ ಮಾಬೊ ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸಗಾರ. ಕೇಂಬ್ರಿಜ್‌ನವರು 1898ರಲ್ಲಿ ಬಂದು ತನ್ನ ಜನರ ಬಗ್ಗೆ ಬರೆದುಕೊಂಡು ಹೋದ ಸಂಪುಟಗಳನ್ನು ಅಲ್ಲಿಯ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದರು. ಒಂದು ದಿನ ಇತಿಹಾಸದ ಇಬ್ಬರು ಮೇಷ್ಟರು, ಹೆನ್ರಿ ರೆನಾಲ್ಡ್ಸ್ ಮತ್ತು ನೋಯಲ್ ಲೂಸ್, ಮಾತಿನ ನಡುವೆ ಹೇಳಿದರು: ಮರ್ರೆ ದ್ವೀಪದಲ್ಲಿ ನಿನ್ನ ಜಮೀನು ಎಂದು ನೀನು ಹೇಳುತ್ತೀಯಲ್ಲ, ಕಾನೂನಿನ ಪ್ರಕಾರ ಅದು ಸರ್ಕಾರದ್ದು. ಮಾಬೊ ದಂಗಾಗಿಹೋದರು. 1982ರಲ್ಲಿ ದಾವೆ ಹೂಡಿದರು. 1992ರ ಜೂನ್ 3ರಂದು ಹೈಕೋರ್ಟು (ಅಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ) ಮೂಲನಿವಾಸಿಗಳಿಗೆ ನೆಲದ ಹಕ್ಕು ಉಂಟು ಎಂದಿತು. ತೀರ್ಪು ಕೇಳಲು ಮಾಬೊ ಇರಲಿಲ್ಲ, ಆ ಜನವರಿಯಲ್ಲೇ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತ್ತು.

ಗಿಡಕ್ಕೆ ನೀರು ಹಾಕುವವನು ಅದೇ ಕಟ್ಟಡದಲ್ಲಿ ಕುರ್ಚಿ ಮೇಜು ಇದ್ದ ಸಂಶೋಧಕನಾಗಿದ್ದರೆ ಆ ಪ್ರಶ್ನೆ ಎಷ್ಟು ವರ್ಷ ಮೊದಲೇ ಏಳುತ್ತಿತ್ತು? ನನ್ನ ಹಟ ಇಷ್ಟೇ, ಮಹರಾಯರೇ. ಯಾವುದಕ್ಕೆ ಉತ್ತರ ಹುಡುಕಬೇಕು ಎಂದು ತೀರ್ಮಾನಿಸುವವರು ಯಾರು? ಸಂಶೋಧನೆಗೆ ಜಾತಿಯಿಲ್ಲ, ಒಪ್ಪಿದೆ. ಪ್ರಶ್ನೆಗೆ ಮಾತ್ರ ಒಂದು ಊರು, ಒಂದು ಮನೆ ಇರುತ್ತದೆ.

ನಮ್ಮ ಕಡೆಗೆ ಬನ್ನಿ. ಮದರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ 1909ರಲ್ಲಿ ಏಳು ಸಂಪುಟ ತಂದ. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿದ್ದರಿಂದ ಕೊರಗರೂ ಅದರೊಳಗೆ ಇದ್ದಾರೆ. ತಲೆ, ಮೂಗು ಅಳೆಯುವ ಸಲಕರಣೆ ಹಿಡಿದು ಊರೂರು ತಿರುಗಿದವನು. ತಾನು ಹೋದಾಗ ವಯನಾಡಿನ ಪಣಿಯ ಹೆಂಗಸರು ಓಡಿಹೋದದ್ದನ್ನು ಅವನೇ ಬರೆದುಕೊಂಡಿದ್ದಾನೆ. ತಮ್ಮಲ್ಲಿ ಚೆನ್ನಾಗಿರುವವರನ್ನು ಆರಿಸಿ, ಒಳಗೆ ಹುಲ್ಲು ತುಂಬಿಸಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾನೆ ಎಂದು ಅವರು ಹೆದರಿದ್ದರಂತೆ. ಅವನಿಗೆ ಅದು ತಮಾಷೆ. ನನಗೆ ಆ ಹೆಂಗಸರು ಅರ್ಧ ಸರಿಯಾಗಿಯೇ ಊಹಿಸಿದ್ದರು ಅನ್ನಿಸುತ್ತದೆ.

ಅದು ಬಿಳಿಯರ ಕಾಲ ಎಂದು ಜಾರಿಕೊಳ್ಳುವ ಹಾಗಿಲ್ಲ. ಕೆಲವು ವರ್ಷಗಳ ಹಿಂದೆ ಬಿಳಿಗಿರಿರಂಗನ ಬೆಟ್ಟದ ಪೋಡೊಂದಕ್ಕೆ, ಅಂದರೆ ಸೋಲಿಗರ ಹಾಡಿಗೆ, ಹೋಗಿದ್ದೆ. ಲೇಖನಕ್ಕೆ ಏನಾದರೂ ಸಿಕ್ಕೀತು ಎಂಬ ಸ್ವಾರ್ಥ, ಮುಚ್ಚಿಡುವುದಿಲ್ಲ. ಅಂಗಳದಲ್ಲಿ ಕೂತಿದ್ದ ಹಿರಿಯ ಸೋಲಿಗರೊಬ್ಬರು ನನ್ನ ಹೆಗಲಚೀಲ ನೋಡುತ್ತಲೇ, “ಗೊರುಕನ ಹಾಡಬೇಕಾ ಬುದ್ಧಿ?” ಎಂದರು. ಗೊರುಕನ ಎಂದರೆ ಸೋಲಿಗರ ಹಾಡು-ಕುಣಿತ. ಬಂದವರೆಲ್ಲ ಅದನ್ನು ಕೇಳಿ, ಕುಣಿತದ ಫೋಟೋ ತೆಗೆದುಕೊಂಡು ಹೋಗುತ್ತಾರಂತೆ. ನನಗೆ ನಾಚಿಕೆಯಾಯಿತು, ಯಾಕೆಂದರೆ ಚೀಲದಲ್ಲಿ ರೆಕಾರ್ಡರ್ ಇತ್ತು. “ಬೇಡ, ನೀವೇ ಏನಾದರೂ ಹೇಳಿ” ಎಂದೆ. ಅವರು ಎದುರಿನ ಇಳಿಜಾರು ತೋರಿಸಿದರು. ಪೂರ್ತಿ ಲಂಟಾನ. “ಇದು ಯಾಕೆ ಬಂತು ಅಂತ ಯಾರೂ ಕೇಳಲೇ ಇಲ್ಲ” ಎಂದರು.

ಆಮೇಲೆ ಒಂದು ಗಂಟೆ ಅವರು ಹೇಳಿದ್ದು ತರಗು ಬೆಂಕಿಯ ವಿಷಯ. ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದು ನೆಲಮಟ್ಟದಲ್ಲೇ ಹರಿದು ಆರುತ್ತಿತ್ತು, ಲಂಟಾನದ ಸಸಿ ಸುಡುತ್ತಿತ್ತು, ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯವಾದ ಮೇಲೆ ತರಗು ಬೆಂಕಿ ಅಪರಾಧವಾಯಿತು. ಲಂಟಾನ ಎದೆಯೆತ್ತರ ಬೆಳೆಯಿತು. ಈಗ ಬೆಂಕಿ ಬಿದ್ದರೆ ಮರದ ನೆತ್ತಿಗೆ ಹತ್ತುತ್ತದೆ. ಸೋಲಿಗರ ಈ ಮಾತನ್ನು ಪರಿಸರ ವಿಜ್ಞಾನಿಗಳು ಕಿವಿಗೊಟ್ಟು ಕೇಳಿ ಬರೆಯತೊಡಗಿದ್ದು ದಶಕಗಳ ಮೇಲೆ. 2011ರಲ್ಲಿ ಇದೇ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ದೇಶದಲ್ಲೇ ಮೊದಲ ಸಲ. ನಿಮ್ಮ ಆಸ್ಟ್ರೇಲಿಯಾದಲ್ಲೂ ಇದೇ ಕಥೆಯಲ್ಲವೆ? ಅಬಾರಿಜಿನಲ್ ಜನರ ಸಣ್ಣ ಬೆಂಕಿಯನ್ನು ಇನ್ನೂರು ವರ್ಷ ಅನಾಗರಿಕ ಎಂದವರು 2019-20ರ ಆ ಭಯಂಕರ ಬೇಸಿಗೆಯಲ್ಲಿ ಕಾಡು, ಮನೆ ಸುಟ್ಟ ಮೇಲೆ ಅವರನ್ನು ಹುಡುಕಿಕೊಂಡು ಹೋದರು. (ಲಂಟಾನ ಅಲ್ಲಿಯೂ ಪೀಡೆಯ ಕಳೆ. ಅದಕ್ಕೆ ವೀಸಾ ಬೇಕಾಗಲಿಲ್ಲ.)

ಈಗ ನಮ್ಮ ಅನುದಾನದ ಕಥೆ ಕೇಳಿ, ನಿಮ್ಮ ಸಿಟ್ಟು ಸ್ವಲ್ಪ ದಾರಿ ಬದಲಿಸೀತು. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಪರಿಶಿಷ್ಟ ಪಂಗಡದ ಸಂಶೋಧನಾ ವಿದ್ಯಾರ್ಥಿಗಳಿಗೆ ವರ್ಷಕ್ಕೆ 750 ಫೆಲೋಶಿಪ್ ಕೊಡುತ್ತದೆ. 2011ರ ಜನಗಣತಿಯಂತೆ ಆ ಜನ 10 ಕೋಟಿಗೂ ಮಿಕ್ಕಿ. ವಿದೇಶದಲ್ಲಿ ಓದಲು ಇಡೀ ದೇಶಕ್ಕೆ 20 ಸ್ಥಾನ, ಅದರಲ್ಲಿ ಮೂರು ನಮ್ಮ ಜೇನುಕುರುಬ, ಕೊರಗರಂಥ ತೀರಾ ಹಿಂದುಳಿದ ಗುಂಪುಗಳಿಗೆ. ಮದುವೆ ಛತ್ರಕ್ಕೆ ಮೂರು ಬಾಳೆಲೆ.

ನನಗೆ ಪರಿಚಯದ ಸೋಲಿಗ ಹುಡುಗನೊಬ್ಬ ಪಿಎಚ್‌ಡಿಗೆ ಸೇರಿದ. ವಿಶ್ವವಿದ್ಯಾಲಯದ ಹೆಸರು ಬೇಡ. ತರಗು ಬೆಂಕಿಯ ಮೇಲೆ ಕೆಲಸ ಮಾಡುತ್ತೇನೆ ಎಂದ. ಅದೆಲ್ಲ ಅರಣ್ಯ ಇಲಾಖೆ ತಕರಾರು ಎಂದು ಗೈಡ್ ವಿಷಯ ಬದಲಾಯಿಸಿದರು: ‘ಸೋಲಿಗರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿಗಳು: ಒಂದು ಅಧ್ಯಯನ’. ಈ ‘ಒಂದು ಅಧ್ಯಯನ’ ನಮ್ಮ ನಾಡಿನ ಎಷ್ಟು ಕಪಾಟುಗಳಲ್ಲಿ ಧೂಳು ತಿನ್ನುತ್ತಿದೆಯೋ! ಒಂದರ ಮೂರನೇ ಅಧ್ಯಾಯ ಇನ್ನೊಂದರ ಎರಡನೆಯದು, ಬುಡಕಟ್ಟಿನ ಹೆಸರಷ್ಟೇ ಬೇರೆ. ನಮ್ಮ ಕಚೇರಿಗೂ ಅಂಥವು ಲೇಖನವಾಗಿ ಬರುತ್ತವೆ. ಹಕ್ಕಿಪಿಕ್ಕಿಯರ ಮೇಲಿನ ಲೇಖನದಲ್ಲಿ ಅಳಿಸಲು ಮರೆತ ‘ಇರುಳಿಗ’ ಎಂಬ ಪದ ಸಿಕ್ಕಿ ನಾನು ಕಳ್ಳತನ ಹಿಡಿದದ್ದುಂಟು. ಆ ಮಹನೀಯರಿಗೆ ಈಗ ಬಡ್ತಿಯಾಗಿದೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಕಾಗದದ ಮೇಲೆ ಒಳ್ಳೆಯ ಮೊತ್ತ. ಏಳು ತಿಂಗಳು ಬರಲಿಲ್ಲ. ಕೇಳಿದರೆ “ಮೇಲಿಂದಲೇ ಆಗಿಲ್ಲ” ಎಂಬ ಉತ್ತರ. ಮೆಸ್ ಬಾಕಿ ಏರಿದ ಮೇಲೆ ಕೊಡಗಿಗೆ ಕಾಫಿ ಕೊಯ್ಯಲು ಹೋದ. ಹಿಂದಿರುಗಿ ಬಂದಾಗ ಪ್ರಗತಿ ವರದಿ ಕೊಟ್ಟಿಲ್ಲ ಎಂದು ನೋಟಿಸು ಕಾದಿತ್ತು. ನೀವು ಹೇಳುವ ಪ್ರತಿಭೆಯ ಪರೀಕ್ಷೆಗೆ ಅವನು ಕೂರುವುದು ಇಷ್ಟೆಲ್ಲ ದಾಟಿದ ಮೇಲೆ.

ಇಷ್ಟು ಬರೆದ ಮೇಲೂ ನೀವು ಒಪ್ಪದೆ ಇರಬಹುದು, ಆ ಹಕ್ಕು ನಿಮ್ಮದು. ಒಂದೇ ಕುತೂಹಲ. ನಿಮ್ಮ ಮನೆಯವರ ಸಂಶೋಧನೆ ಯಾವ ವಿಷಯದ್ದು ಎಂದು ನಾಲ್ಕು ಪುಟದ ಪತ್ರದಲ್ಲಿ ನೀವು ಎಲ್ಲಿಯೂ ಹೇಳಿಲ್ಲ. ಅವರನ್ನೇ ಬರೆಯಲು ಹೇಳಿ, ಅನುದಾನ ಸಿಗದ ಆ ಯೋಜನೆಯ ಬಗ್ಗೆಯೇ, ಕನ್ನಡದಲ್ಲಿ, ಎರಡು ಸಾವಿರ ಪದ. ಸಂಭಾವನೆ ತಡವಾಗುತ್ತದೆ, ಬರುತ್ತದೆ. ಮತ್ತೆ, ನಿಮ್ಮ ಚಂದಾ ಮಾರ್ಚಿಗೇ ಮುಗಿದಿದೆ ಎಂದು ವ್ಯವಸ್ಥಾಪಕರು ನೆನಪಿಸಲು ಹೇಳಿದ್ದಾರೆ.

— ಸಂ.