ಫ್ಯಾನಿ ಲೂ ಹೇಮರ್ ಯಾರು? ಅವರನ್ನು ಇಂದಿಗೂ ನೆನೆಯುವುದೇಕೆ?

ಹೇಮರ್ 1917ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ, ಗೇಣಿಗೆ ದುಡಿಯುವ ಬಡ ಕಪ್ಪು ಕುಟುಂಬದ 20 ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿ, ಆರನೆಯ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕಿಳಿದವರು. ಕಪ್ಪು ಜನರಿಗೂ ಮತದಾನದ ಹಕ್ಕಿದೆ ಎಂಬುದು ಅವರಿಗೆ ತಿಳಿದದ್ದು 1962ರಲ್ಲಿ, ತಮ್ಮ 44ನೆಯ ವಯಸ್ಸಿನಲ್ಲಿ. ಅದೇ ಆಗಸ್ಟ್‌ನಲ್ಲಿ ಅವರು ಇನ್ನೂ 17 ಮಂದಿಯೊಡನೆ ಬಸ್ಸಿನಲ್ಲಿ ಇಂಡಿಯನೋಲಾಕ್ಕೆ ಹೋಗಿ ಹೆಸರು ನೋಂದಾಯಿಸಲು ಕೇಳಿದಾಗ, ಅಧಿಕಾರಿ ರಾಜ್ಯ ಸಂವಿಧಾನದ ತೊಡಕಾದ ವಿಧಿಯೊಂದನ್ನು ಮುಂದಿಟ್ಟು ಅರ್ಥ ವಿವರಿಸಲು ಹೇಳಿದರು. ಕಪ್ಪು ಜನರನ್ನು ಮತಪಟ್ಟಿಯಿಂದ ದೂರವಿಡಲು ಈ ಪರೀಕ್ಷೆಯೇ ಆಯುಧವಾಗಿತ್ತು. ಅವರು ಅನುತ್ತೀರ್ಣರಾದರು. ಅರ್ಜಿ ಹಾಕಿದ ತಪ್ಪಿಗೆ, 18 ವರ್ಷ ದುಡಿದ ತೋಟದಿಂದ ಅದೇ ದಿನ ಅವರನ್ನು ಹೊರಹಾಕಲಾಯಿತು.

1963ರಲ್ಲಿ, ಮತದಾರರ ನೋಂದಣಿಯ ತರಬೇತಿ ಮುಗಿಸಿ ಮರಳುವಾಗ ಬಂಧಿತರಾಗಿ, ಮಿಸಿಸಿಪ್ಪಿಯ ವಿನೋನಾ ಜೈಲಿನಲ್ಲಿ ತಿಂದ ಏಟುಗಳಿಂದ ಅವರ ಮೂತ್ರಪಿಂಡಕ್ಕೆ ಶಾಶ್ವತ ಹಾನಿಯಾಯಿತು. ಮರುವರ್ಷ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ, ಬಿಳಿಯರೇ ತುಂಬಿದ್ದ ಮಿಸಿಸಿಪ್ಪಿ ನಿಯೋಗವನ್ನು ಪ್ರಶ್ನಿಸಿ ಅವರು ಆ ಜೈಲಿನ ಕಥೆಯನ್ನು ಹೇಳುತ್ತಿದ್ದಾಗ, ಅಧ್ಯಕ್ಷ ಜಾನ್ಸನ್ ಟಿವಿ ಕ್ಯಾಮೆರಾಗಳನ್ನು ತಮ್ಮತ್ತ ಸೆಳೆಯಲು ತರಾತುರಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಆದರೂ ಆ ಸಾಕ್ಷ್ಯ ಅಂದೇ ರಾತ್ರಿ ದೇಶದ ಮನೆಮನೆ ತಲುಪಿತು. ರಾಜಿಯಾಗಿ ಕೊಡಲು ಬಂದ ಅಧಿವೇಶನದ ಎರಡು ಸ್ಥಾನಗಳನ್ನು, ಆ ನಿಯೋಗಕ್ಕೆ ಎದುರಾಗಿ ಅವರೂ ಸಂಗಾತಿಗಳೂ ಕಟ್ಟಿದ್ದ ‘ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಕ್ಷ’ ನಿರಾಕರಿಸಿತು. ಈ ದಿಟ್ಟತನ ನನಗೆ ಅವರ ಬದುಕಿನ ಅತಿ ದೊಡ್ಡ ಘಳಿಗೆಯಾಗಿ ಕಾಣುತ್ತದೆ. 1965ರಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂದಿತು.

ಮತದ ಜೊತೆಗೆ ಅನ್ನವೂ ಬೇಕೆಂದು ಬಲ್ಲ ಅವರು, 1977ರಲ್ಲಿ ತೀರಿಕೊಳ್ಳುವ ಮೊದಲು, ಸಹಕಾರಿ ಜಮೀನನ್ನೂ ‘ಹಂದಿ ಬ್ಯಾಂಕ್’ ಅನ್ನೂ ಕಟ್ಟಿದರು: ಬಡ ಕುಟುಂಬವೊಂದು ಗಬ್ಬದ ಹಂದಿಯನ್ನು ಒಯ್ದು, ಮರಿಗಳನ್ನು ಉಳಿಸಿಕೊಂಡು, ತಾಯಿಹಂದಿಯನ್ನು ಹಿಂದಿರುಗಿಸುತ್ತಿತ್ತು.