ಸುಮ್ನೆ ಕೂತಿರುವುದೂ ಒಂದು ಲಕ್ಷಣವೇ

ದಾವಣಗೆರೆಯಿಂದ ಬರೆದ ಓದುಗರೇ, ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಿಮ್ಮ ಅತ್ತೆಯವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಕೆಲಸದವಳು ಬಳೆ ಕದ್ದಳು ಅಂತಾರೆ. ಸಂಜೆಯಾದರೆ 'ನಮ್ಮನೆಗೆ ಹೋಗ್ಬೇಕು' ಎಂದು ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಾರೆ. ಸ್ನಾನಕ್ಕೆ ಕರೆದರೆ ಹೊಡೆಯಲು ಬರುತ್ತಾರೆ. ಡಾಕ್ಟರು ಚೀಟಿಯಲ್ಲಿ 'ಬಿಪಿಎಸ್‌ಡಿ' ಎಂದಷ್ಟೇ ಬರೆದಿದ್ದಾರೆ. 'ಇಷ್ಟೆಲ್ಲ ತಾಪತ್ರಯಕ್ಕೆ ಒಂದೇ ಹೆಸರಾದರೆ ಒಂದೇ ಮಾತ್ರೆ ಸಾಕಲ್ವಾ?' ಎಂಬುದು ನಿಮ್ಮ ಪ್ರಶ್ನೆ.

ಸಾಲದು. ಆ ಹೆಸರು ದೊಡ್ಡ ಮೂಟೆ ಇದ್ದ ಹಾಗೆ. ಮರೆವಿನ ಜೊತೆ ಬರುವ ಮನಸ್ಸಿನ, ನಡವಳಿಕೆಯ ತೊಂದರೆಗಳನ್ನೆಲ್ಲ 1996ರಲ್ಲಿ ತಜ್ಞರು ಅದರೊಳಗೆ ತುಂಬಿದರು. ತೊಂದರೆಗಳೇನೂ ಹೊಸವಲ್ಲ. 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಜರ್ಮನ್ ವೈದ್ಯ ಆಲ್ಜೈಮರ್ ನೋಡಿದ ಡಿಮೆನ್ಷಿಯಾದ ಮಹಿಳೆಗೂ ಮೊದಲು ಕಾಣಿಸಿದ್ದು ಗಂಡನ ಮೇಲಿನ ಸಂಶಯವೇ.

2007ರಲ್ಲಿ ಪ್ರಕಟವಾದ ಯುರೋಪಿನ ಒಂದು ಅಧ್ಯಯನ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ ಮೂಟೆ ಬಿಚ್ಚಿತು. ನಾಲ್ಕು ಗುಂಪು ಸಿಕ್ಕವು. ಇಲ್ಲದ್ದನ್ನು ನಂಬುವುದು, ಕಾಣುವುದು ಒಂದು. ಸಿಡುಕು, ಹೊಡೆದಾಟ, ಓಡಾಟ ಇನ್ನೊಂದು. ದುಃಖ, ಭಯ ಮತ್ತೊಂದು. ಕೊನೆಯದು ನಿರಾಸಕ್ತಿ. ಬೇರೆಯವರ ಲೆಕ್ಕದಲ್ಲಿ ಗುಂಪುಗಳು ಒಂಚೂರು ಆಚೀಚೆ ಆಗುತ್ತವೆ, ಅದಿರಲಿ.

ನಿಮ್ಮ ಪತ್ರದ ಕೊನೆಗೆ ಒಂದು ಮಾತಿದೆ: 'ಮುಂಚೆ ಸಂಜೆ ಎರಡು ಮಾರು ಮಲ್ಲಿಗೆ ಕಟ್ಟುತ್ತಿದ್ದರು. ಈಗ ಬುಟ್ಟಿ ಮುಂದಿಟ್ಟರೂ ಸುಮ್ನೆ ಕೂತಿರುತ್ತಾರೆ. ಅಷ್ಟು ಹೊತ್ತಾದರೂ ನಮಗೆ ನೆಮ್ಮದಿ.' ಅದೇ ಆ ಕೊನೆಯ ಗುಂಪು! ಅಧ್ಯಯನದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಂಡದ್ದೂ ಅದೇ. ಮನೆಯವರಿಗೆ ಕಾಟ ಕೊಡದ ಲಕ್ಷಣವನ್ನು ಯಾರು ತಾನೇ ಡಾಕ್ಟರಿಗೆ ಹೇಳುತ್ತಾರೆ? ಅದು ಸೋಮಾರಿತನವಲ್ಲ. ಖಿನ್ನತೆಯೇ ಆಗಿರಬೇಕೆಂದೂ ಇಲ್ಲ. ಖಿನ್ನತೆಯಲ್ಲಿ ಕೊರಗಿರುತ್ತದೆ, ಇಲ್ಲಿ ಶುರು ಮಾಡಲೇ ಮನಸ್ಸು ಬರುವುದಿಲ್ಲ. ಮೊದಲ ನಾಲ್ಕು ಹೂವು ನೀವೇ ಕಟ್ಟಿ, ದಾರವನ್ನು ಅವರ ಬೆರಳಿಗೆ ಕೊಟ್ಟು ನೋಡಿ.

ಗುಂಪು ಗೊತ್ತಾದರೆ ಮಾತ್ರೆಯ ಲೆಕ್ಕವೂ ಬದಲಾಗುತ್ತದೆ. ವಿಪರೀತ ಸಂಶಯಕ್ಕೆ, ಹೊಡೆದಾಟಕ್ಕೆ ಕೆಲವೊಮ್ಮೆ ಕೊಡುವ ಆಂಟಿಸೈಕೋಟಿಕ್ ಮಾತ್ರೆ ನಿರಾಸಕ್ತಿಯನ್ನು ಕಳೆಯುವುದಿಲ್ಲ, ಇನ್ನೂ ಮಂಕು ಮಾಡಬಹುದು. ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಇಂಥ ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಹಾಗಂತ ನೀವೇ ನಿಲ್ಲಿಸಲು ಹೋಗಬೇಡಿ.

ಸ್ನಾನದ ಗಲಾಟೆಗೆ ಮಾತ್ರೆಗಿಂತ ಮೊದಲು ಬಚ್ಚಲು ನೋಡಿ. ತಲೆ ಮೇಲೆ ಚೊಂಬು ಸುರಿಯುವ ಬದಲು ಕಾಲಿನಿಂದ ಶುರು ಮಾಡಿ. ಹೆಗಲ ಮೇಲೆ ಟವೆಲ್ ಇರಲಿ. ಮಂಡಿನೋವಿದೆಯಾ ಕೇಳಿ. ಒಂದೆರಡು ದಿನದಲ್ಲೇ ಹಠಾತ್ತಾಗಿ ಎಲ್ಲ ಜಾಸ್ತಿಯಾದರೆ ಕಾಯಬೇಡಿ, ಅವತ್ತೇ ತೋರಿಸಿ. ಉರಿಮೂತ್ರದ ಸೋಂಕು, ಮಲಬದ್ಧತೆಯೂ ಹೀಗೆ ಆಡಿಸುತ್ತವೆ.

ಒಂದು ನೋಟ್‌ಬುಕ್ಕಿನಲ್ಲಿ ಏನಾಯಿತು, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ನಡೆದಿತ್ತು ಎಂದು ಬರೆದಿಡಿ. ಸುಮ್ನೆ ಕೂತ ಹೊತ್ತನ್ನೂ ಬರೆಯಿರಿ. 'ಅಮ್ಮ ನಾಟಕ ಮಾಡ್ತಾಳೆ' ಎನ್ನುವ ನಿಮ್ಮ ಮೈದುನನಿಗೂ ಅದನ್ನು ಓದಲು ಕೊಡಿ. ಮುಂದಿನ ಸಲ ಡಾಕ್ಟರನ್ನು ಕೇಳಿ, 'ಈ ಮಾತ್ರೆ ಇದರಲ್ಲಿ ಯಾವುದಕ್ಕೆ, ಎಷ್ಟು ದಿನಕ್ಕೆ?' ಕೇಳಿದ್ದಕ್ಕೆ ಸಿಟ್ಟಾದರೆ ಬೇರೆ ಡಾಕ್ಟರನ್ನು ನೋಡಿ.

— ಸಂ.