ಮೂರನೇ ಎಲ್‌ಎಲ್‌ಆರ್ ಕೂಡ ಮುಗಿಯುತ್ತಾ ಬಂತು

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಹಾಸನ ಜಿಲ್ಲೆಯಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ಸ್ಕೂಟರ್ ಕಲಿಯಬೇಕು ಅಂತ ತುಂಬಾ ಆಸೆ. ಅಮ್ಮ ಒಬ್ಬರೇ ಇರುವ ಊರು 14 ಕಿಲೋಮೀಟರ್ ದೂರ, ಅಲ್ಲಿಂದ ಕೊನೆಯ ಬಸ್ಸು ಸಂಜೆ ಐದೂವರೆಗೆ. ಮನೆಯಲ್ಲಿ ಗೇರಿಲ್ಲದ ಸ್ಕೂಟರ್ ಇದೆ. 2022ರಲ್ಲಿ ಮೊದಲ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿದೆ, ಅವಧಿ ಮುಗಿಯಿತು. ಎರಡನೆಯದೂ ಹಾಗೇ ಹೋಯಿತು. ಈಗ ಮೂರನೆಯದಕ್ಕೆ ಒಂಬತ್ತು ವಾರ ಉಳಿದಿದೆ. ದಸರಾ ರಜೆಯಲ್ಲಿ ಕಲಿಯೋಣ ಅಂದುಕೊಳ್ಳುತ್ತೇನೆ, ಆಗುವುದಿಲ್ಲ. ಆಮೇಲೆ ಮಳೆ, ಆಮೇಲೆ ಪರೀಕ್ಷೆ. ಬಸ್ ಫ್ರೀ ಆದ ಮೇಲಂತೂ ಸ್ಕೂಟರ್ ಯಾಕೆ ಅನಿಸುತ್ತದೆ. ಲೈಸೆನ್ಸ್ ಟೆಸ್ಟಿನಲ್ಲಿ ಗಾಡಿಯಿಂದ ಎಂಟು ಹಾಕುವ ವಿಡಿಯೊ ನೋಡುತ್ತಾ ಕೂರುತ್ತೇನೆ ಅಷ್ಟೇ. ಯಜಮಾನರು 'ನೀನು ಬಿಡು' ಅಂತ ನಗುತ್ತಾರೆ. ಡಿಗ್ರಿ ಓದುತ್ತಿರುವ ಅಣ್ಣನ ಮಗಳಿಗೆ ಲೈಸೆನ್ಸ್ ಇದೆ, ನಾನು ಹೇಳಿಕೊಡ್ತೀನಿ ಬನ್ನಿ ಅತ್ತೆ ಅನ್ನುತ್ತಾಳೆ. ಮೊದಲ ಸಲ ಯಜಮಾನರು ಕಲಿಸುವಾಗ ಹಾಲಿನ ಡೈರಿ ಮುಂದೆ ಬಿದ್ದಿದ್ದೆ, ಹಳೆಯ ಸ್ಟೂಡೆಂಟ್ ಒಬ್ಬ ಎತ್ತಿದ. ಈ ಸೋಮಾರಿತನ ಬಿಡುವುದು ಹೇಗೆ?

ಉತ್ತರ: ಟೀಚರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಜೆ, ಮಳೆ, ಪರೀಕ್ಷೆ, ಬಸ್ಸು, ಎಲ್ಲದಕ್ಕೂ ಜಾಗ ಕೊಟ್ಟಿದ್ದೀರಿ. ಬಿದ್ದದ್ದು ಮಾತ್ರ ಒಂದೇ ಸಾಲು, ಅದೂ ಕೊನೆಯಲ್ಲಿ. ಪೆಟ್ಟಾಯಿತಾ ಇಲ್ಲವಾ ಅಂತ ಕೂಡ ಬರೆದಿಲ್ಲ. ಎತ್ತಿದವನು ಯಾರು ಅಂತ ಬರೆದಿದ್ದೀರಿ.

ನನಗೆ ಅನ್ನಿಸುವುದು ಇಷ್ಟು. ಮಂಡಿ ತರಚಿದ್ದು ವಾರದಲ್ಲಿ ಮಾಯ್ದಿರುತ್ತದೆ. 'ಹುಷಾರು ಟೀಚರ್' ಅಂತ ಆ ಹುಡುಗ ಅಂದಿರಬಹುದಲ್ಲ, ಅದು ಇನ್ನೂ ಮಾಯ್ದಿಲ್ಲ. ಯಾರಿಗೆ ನೀವು ಸಾಲಾಗಿ ನಡೆಯುವುದನ್ನು ಕಲಿಸಿದ್ದಿರೋ ಅವನ ಮುಂದೆ ರಸ್ತೆಯಲ್ಲಿ ಬಿದ್ದಿರಿ. ಸ್ಕೂಟರ್ ಕೀಲಿ ಕೈಗೆತ್ತಿಕೊಂಡಾಗಲೆಲ್ಲ ಆ ಡೈರಿ ನೆನಪಾಗುತ್ತದೆ. ಕೀಲಿ ಮತ್ತೆ ಮೊಳೆಗೆ ಹೋಗುತ್ತದೆ, ಮನಸ್ಸಿಗೆ ಹಾಯ್ ಅನಿಸುತ್ತದೆ. ಆ ಹಾಯ್ ಇದೆಯಲ್ಲ, ಅದಕ್ಕಾಗಿಯೇ ನೀವು ಮುಂದೂಡುತ್ತಿರುವುದು.

ಸೋಮಾರಿ ಅನ್ನುವ ಮಾತನ್ನು ಮೊದಲು ಬಿಡಿ. ಮನೆ ಕೆಲಸ ಮುಗಿಸಿ, ಬಸ್ ಹಿಡಿದು, ದಿನವಿಡೀ ಮಕ್ಕಳ ಜತೆ ಕೂಗಾಡಿ ಬರುವವರು ಸೋಮಾರಿ ಆಗುವುದು ಹೇಗೆ? ನಮ್ಮ ಚಿಕ್ಕಂದಿನಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು, ನಿಮಗೂ ನೆನಪಿರಬೇಕು. ರಾತ್ರಿ ಬಂದು ಕರೆಯುವ ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗಲಿ ಅಂತ. ಬರೆದವರು ಸೋಮಾರಿಗಳಾಗಿರಲಿಲ್ಲ, ಹೆದರಿದ್ದರು. ನೀವು ಸ್ಕೂಟರ್ ಕವರ್ ಮೇಲೆ ಅದನ್ನೇ ಬರೆದಿಟ್ಟಿದ್ದೀರಿ.

ನೆಪಗಳಲ್ಲಿ ಮಳೆ ನಿಜ, ಪರೀಕ್ಷೆ ನಿಜ. ಬಸ್ಸಿನದು ಮಾತ್ರ ನಾನು ಒಪ್ಪುವುದಿಲ್ಲ. ಶಕ್ತಿ ಯೋಜನೆ ಬಂದದ್ದು 2023ರ ಜೂನ್‌ನಲ್ಲಿ. ನಿಮ್ಮ ಮೊದಲ ಎಲ್‌ಎಲ್‌ಆರ್ ಅಷ್ಟು ಹೊತ್ತಿಗೆ ತೀರಿಕೊಂಡಾಗಿತ್ತು, ಅಲ್ವಾ? ಅಲ್ಲದೆ ಫ್ರೀ ಆದರೂ ಆ ಬಸ್ಸು ಐದೂವರೆಗೇ ಹೊರಡುತ್ತದೆ. ಅಮ್ಮನ ಜತೆ ಕತ್ತಲಾಗುವವರೆಗೆ ಕೂತು ಬರಬೇಕು ಅನ್ನುವುದು ತಾನೇ ನಿಮ್ಮ ಆಸೆ?

ಈಗ ಲೆಕ್ಕ ಮಾಡೋಣ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ನಿಮ್ಮದಕ್ಕೆ ಸುಮಾರು ನಾಲ್ಕು ತಿಂಗಳಾಗಿದೆ, ಅಂದರೆ ದಾರಿ ಯಾವಾಗಲೋ ತೆರೆದಿದೆ. ಟೆಸ್ಟಲ್ಲಿ ಫೇಲಾದರೆ? ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲಾದವರು ಮಾತ್ರ 60 ದಿನ ಕಾಯಬೇಕು. ಸೋತವರಿಗೆ ಕಾನೂನು ಹಾಕುವ ಶಿಕ್ಷೆ ಒಂದು ವಾರ. ಸೋಲಬಾರದು ಅಂತ ನೀವೇ ಹಾಕಿಕೊಂಡಿರುವುದು ಮೂರು ವರ್ಷ.

ಇದನ್ನು ಬೈಯಲು ಹೇಳಲಿಲ್ಲ. ಬೈದರೆ ಇದು ಜಾಸ್ತಿಯೇ ಆಗುತ್ತದೆ. ಕಾಪಿ ಬರೆಯದ ಮಗು ಒಂದು ದಿನ ನಾಚಿಕೊಂಡು ಸ್ಕೂಲ್ ತಪ್ಪಿಸುತ್ತದೆ. ಮರುದಿನ ಎರಡು ಕಾಪಿ ಬಾಕಿ, ಆಮೇಲೆ ವಾರಗಟ್ಟಲೆ ಹೊಟ್ಟೆನೋವು. ಅದು ಬಂದ ದಿನ ನೀವು ಏನನ್ನುತ್ತೀರಿ? ಹೋಗಲಿ ಬಿಡು, ಇವತ್ತಿನದು ಬರಿ ಅನ್ನುತ್ತೀರಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಹೀಗೇ ಗಮನಿಸಿದ್ದರು. ಅಧ್ಯಯನ ಪ್ರಕಟವಾದದ್ದು 2010ರಲ್ಲಿ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ, ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರಂತೆ. ಮಕ್ಕಳಿಗೆ ಕೊಡುವ ರಿಯಾಯಿತಿಯನ್ನು ನಿಮಗೂ ಕೊಟ್ಟುಕೊಳ್ಳಿ. (ನಾನೇನು ದೊಡ್ಡ ಶಿಸ್ತಿನವಳಲ್ಲ. ಒಂದು ಹಲ್ಲು ತೋರಿಸಲು ಒಂದೂವರೆ ವರ್ಷ ಮಾಡಿದೆ. ರೂಟ್ ಕೆನಾಲ್‌ವರೆಗೆ ಹೋಯಿತು.)

ಯಜಮಾನರ ಹತ್ತಿರ ಕಲಿಯಬೇಡಿ. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ಗಂಡ ಹಿಂದೆ ಕೂತು 'ಬ್ರೇಕು, ಬ್ರೇಕು' ಅಂತ ಕೂಗಿ ಹೆಂಡತಿ ಸ್ಕೂಟರ್ ಕಲಿತದ್ದನ್ನು ನಾನಂತೂ ಕಂಡಿಲ್ಲ. ಗಾಬರಿಯಾದಾಗ ಕೈ ಬಿಗಿಯಾಗುತ್ತದೆ. ಬ್ರೇಕ್ ಹಿಡಿದ ಕೈಯೇ ಎಕ್ಸಲರೇಟರನ್ನೂ ತಿರುಗಿಸಿಬಿಡುತ್ತದೆ. ಗಾಡಿ ಮುಂದೆ ಜಿಗಿಯುತ್ತದೆ. ಡೈರಿ ಮುಂದೆ ಆದದ್ದು ಇದೇ ಇರಬೇಕು.

ಅಣ್ಣನ ಮಗಳನ್ನು ಕರೆಯಿರಿ. ನಿಮ್ಮ ಸ್ಕೂಲಿನ ಗ್ರೌಂಡ್ ಬೇಡ, ಊರಾಚೆ ಎಲ್ಲಾದರೂ ಖಾಲಿ ಮೈದಾನ ಹುಡುಕಿ. ಭಾನುವಾರ ಮತ್ತು ಬುಧವಾರ, ಬೆಳಗ್ಗೆ ಆರಕ್ಕೆ, ಇಪ್ಪತ್ತೇ ನಿಮಿಷ. ಮೊದಲ ದಿನ ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಸೀಟಿನ ಮೇಲೆ ಕೂತು ಎರಡೂ ಕಾಲಿನಿಂದ ನೆಲ ತಳ್ಳಿಕೊಂಡು ಗಾಡಿ ನಡೆಸಿ, ಬ್ರೇಕ್ ಹಿಡಿಯಿರಿ, ಮತ್ತೆ ನಡೆಸಿ. ಗಾಡಿ ಎಷ್ಟು ಭಾರ, ಯಾವ ಕಡೆ ವಾಲುತ್ತದೆ ಅಂತ ಮೈಗೆ ಗೊತ್ತಾಗಲಿ. ಇಂಜಿನ್ ಎರಡನೇ ದಿನಕ್ಕೆ. ಕಾಲು ಊರದೆ ಎಂಟು ಹಾಕುವುದು ಐದನೇ ವಾರದ ಮಾತು. ಆ ವಿಡಿಯೊಗಳನ್ನು ಅಲ್ಲಿಯವರೆಗೆ ನೋಡಬೇಡಿ. ಅವು ಕಲಿಯುತ್ತಿದ್ದೇನೆ ಅನ್ನುವ ಸಮಾಧಾನ ಕೊಡುತ್ತವೆ, ಕಲಿಸುವುದಿಲ್ಲ.

ಟೆಸ್ಟ್ ದಿನ ಮಾತ್ರ ಈಗಲೇ ಗೊತ್ತು ಮಾಡಿ. ಲೈಸೆನ್ಸಿಗೆ ಅರ್ಜಿ ಹಾಕುವ ಸಾರಥಿ ವೆಬ್‌ಸೈಟಿನಲ್ಲಿ ಆರು ವಾರದ ಆಚೆಗಿನ ದಿನ ಇನ್ನೂ ತೆರೆದಿರದಿದ್ದರೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತೆರೆದ ಕೂಡಲೇ ಸ್ಲಾಟ್ ಬುಕ್ ಮಾಡಲು ಅಣ್ಣನ ಮಗಳಿಗೇ ಹೇಳಿಡಿ. ಒಂದು ಸಲ ಫೇಲಾದರೂ ಇನ್ನೊಂದಕ್ಕೆ ಸಮಯ ಉಳಿಯುತ್ತದೆ. ಗೇರಿಲ್ಲದ ಗಾಡಿಯಲ್ಲಿ ಟೆಸ್ಟ್ ಕೊಟ್ಟರೆ ಅದಕ್ಕಷ್ಟೇ ಲೈಸೆನ್ಸ್ ಸಿಗುತ್ತದೆ. ನಿಮಗೆ ಬೇಕಾದದ್ದೂ ಅಷ್ಟೇ.

ಇನ್ನೊಂದು ವಿಷಯ. ಪತ್ರದಲ್ಲಿ ಹೆಲ್ಮೆಟ್ ಸುದ್ದಿಯೇ ಇಲ್ಲ. ಯಜಮಾನರದು ಹಾಕಿಕೊಳ್ಳಬೇಡಿ, ದೊಡ್ಡದಾಗಿ ಕಣ್ಣಿಗೆ ಜಾರುತ್ತದೆ. ಈ ಶನಿವಾರ ಬೆಳಗಿನ ಸ್ಕೂಲ್ ಬಿಟ್ಟ ಮೇಲೆ ಅಣ್ಣನ ಮಗಳ ಜತೆ ಹೋಗಿ, ನಿಮ್ಮ ತಲೆಗೆ ಸರಿಹೊಂದುವ, ಐಎಸ್‌ಐ ಗುರುತಿರುವ ಒಂದನ್ನು ತನ್ನಿ. ಜಡೆ ಹಾಕಿಕೊಂಡೇ ಹೋಗಿ ಅಳತೆ ನೋಡಿ.